ಬೆಳೆಯುವ ಮಕ್ಕಳ ಮಂಡಿ ನೋವು



ನಿಮ್ಮ ಮನೆಯಲ್ಲಿ 10ರಿಂದ 15 ವರ್ಷದ ಮಗ ಅಥವಾ ಮಗಳು ಇದ್ದಾರೆಯೇ? ಅವರು ಓಡುತ್ತಾರೆಯೇ? ಖೋಖೋ, ಕಬಡ್ಡಿ ಆಡುತ್ತಾರೆಯೇ? "ಅಮ್ಮಾ, ಮಂಡಿ ನೋವು" ಎಂದು ಒಮ್ಮೆಯಾದರೂ ಹೇಳಿದ್ದಾರೆಯೇ?

ಹಾಗಿದ್ದರೆ ಈ ಪಾಠ ನಿಮಗಾಗಿ. ನಿಧಾನವಾಗಿ ಓದಿ. ಒಂದೇ ದಿನ ಮುಗಿಸಬೇಕಾಗಿಲ್ಲ. ಜೊತೆಯವರಿಗೂ ಓದಿ ಹೇಳಿ.

ಖೋಖೋ ಆಡುವ ಹುಡುಗಿ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಅವರ ಮಗಳಿಗೆ 12 ವರ್ಷ. ಏಳನೇ ತರಗತಿ. ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ಖೋಖೋದಲ್ಲಿ ಬಲು ಚುರುಕು. ಅವಳು ಓಡಿದರೆ ಹಿಡಿಯುವವರೇ ಇರಲಿಲ್ಲ.

ಒಂದು ಸಂಜೆ ಆ ಅಕ್ಕ ಮಗಳನ್ನೂ ಕರೆದುಕೊಂಡು ಬಂದರು.

"ಮೇಡಂ, ಈ ಮಗೀಗೆ ಏನಾಗೈತೆ ನೋಡಿ. ಎರಡು ತಿಂಗಳಿಂದ ಮಂಡಿ ನೋವು ಅಂತಾಳೆ. ನಂಗೇ ನಲವತ್ತಾಯ್ತು. ನಂಗೆ ಇನ್ನೂ ಮಂಡಿ ನೋವು ಬಂದಿಲ್ಲ. ಇವಳಿಗೆ ಹನ್ನೆರಡಕ್ಕೇ ಬಂತಾ?"

"ಅಜ್ಜಿ ಏನಂತಾರೆ?" ಎಂದು ಕೇಳಿದೆವು.

"ಅತ್ತೆ ದೃಷ್ಟಿ ಅಂತಾರೆ. ನಮ್ಮೆಜಮಾನ್ರು ಆಟ ಬಿಡಿಸು ಅಂತಾರೆ. ಹೆಣ್ಣು ಹುಡುಗಿ ಕಾಲು ಸೊಟ್ಟ ಆದ್ರೆ ಯಾರು ನೋಡ್ತಾರೆ ಅಂತಾರೆ."

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಮೆಲ್ಲಗೆ ಹೇಳಿದಳು. "ನೋವೇನೂ ಜಾಸ್ತಿ ಇಲ್ಲ ಮೇಡಂ. ಆಟ ಬಿಡಿಸಬೇಡಿ."

ನೋವು ಜಾಸ್ತಿಯೇ ಇತ್ತು. ಆಟ ಬಿಡಿಸುತ್ತಾರೆ ಎಂಬ ಹೆದರಿಕೆಯಿಂದ ಅವಳು ಅದನ್ನು ಮುಚ್ಚಿಟ್ಟಿದ್ದಳು.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಹಿಂದಿನ ವಾರ ಡ್ರಿಲ್ ಹೊತ್ತಿನಲ್ಲಿ ಈ ಹುಡುಗಿ ಪಕ್ಕಕ್ಕೆ ಹೋಗಿ ಕೂತಿದ್ದಳು. ನಾವು ಬೈದಿದ್ದೆವು. "ಏನಮ್ಮ, ಇಷ್ಟು ಬೇಗ ಸೋಮಾರಿ ಆದೆಯಾ? ಎದ್ದು ಓಡು" ಎಂದಿದ್ದೆವು. ಅವಳು ಮಾತಾಡದೆ ಎದ್ದು ಓಡಿದ್ದಳು. ನೋವು ಇಟ್ಟುಕೊಂಡೇ ಓಡಿದ್ದಳು.

ಮನೆಯಲ್ಲಿ "ಆಟ ಬಿಡು" ಎಂದರು. ಶಾಲೆಯಲ್ಲಿ "ಓಡು" ಎಂದೆವು. "ಎಲ್ಲಿ ನೋವು, ತೋರಿಸು" ಎಂದು ಯಾರೂ ಕೇಳಿರಲಿಲ್ಲ.

ಡಾಕ್ಟರು ಏನು ಮಾಡಿದರು?

ಮರುದಿನ ತಾಯಿ, ಮಗಳು, ನಾವು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಡಾಕ್ಟರಮ್ಮ ಹುಡುಗಿಯನ್ನು ಮಂಚದ ಮೇಲೆ ಕೂರಿಸಿದರು. ಎರಡೂ ಮಂಡಿ ನೋಡಿದರು. ಊತ ಇದೆಯೇ, ಬಿಸಿ ಇದೆಯೇ ಎಂದು ಮುಟ್ಟಿ ನೋಡಿದರು. ಕಾಲನ್ನು ಮಡಚಿಸಿದರು, ಚಾಚಿಸಿದರು. ಸೊಂಟದ ಕೀಲನ್ನೂ ತಿರುಗಿಸಿ ನೋಡಿದರು. ಆಮೇಲೆ ಮಂಡಿ ಚಿಪ್ಪಿನ ಕೆಳಗೆ ಎರಡು ಬೆರಳು ಬಿಟ್ಟು ಹೆಬ್ಬೆರಳಿನಿಂದ ಒತ್ತಿದರು.

"ಅಯ್ಯೋ!" ಎಂದಳು ಹುಡುಗಿ.

ಅಲ್ಲೊಂದು ಸಣ್ಣ ಗಂಟು ಇತ್ತು. ಕಡಲೆಕಾಯಿ ಗಾತ್ರದ ಗಟ್ಟಿ ಉಬ್ಬು.

"ಹೆದರಬೇಡಿ. ಇದು ಮುದುಕರ ಮಂಡಿ ನೋವಲ್ಲ. ಇದು ಬೆಳೆಯುವ ಮಕ್ಕಳ ನೋವು. ಓಡಾಡಿ ಆಡುವ ಮಕ್ಕಳಿಗೇ ಹೆಚ್ಚು ಬರುತ್ತೆ" ಎಂದರು ಡಾಕ್ಟರಮ್ಮ.

ಈ ನೋವಿಗೆ ಒಂದು ಉದ್ದನೆಯ ಹೆಸರಿದೆ. ಆಸ್‌ಗುಡ್ ಶ್ಲಾಟರ್. ಇದು ಇಬ್ಬರು ಡಾಕ್ಟರುಗಳ ಹೆಸರು. ಒಬ್ಬರು ಅಮೆರಿಕದವರು, ಇನ್ನೊಬ್ಬರು ಸ್ವಿಟ್ಜರ್ಲೆಂಡಿನವರು. 1903ರಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಈ ನೋವಿನ ಬಗ್ಗೆ ಬರೆದರು. ಅಂದರೆ ನೂರು ವರ್ಷಕ್ಕೂ ಹಿಂದೆಯೇ ಇದು ಡಾಕ್ಟರುಗಳಿಗೆ ಗೊತ್ತಿತ್ತು. ಹೆಸರು ನೆನಪಿಡುವುದು ಬೇಕಿಲ್ಲ. ಯಾಕೆ ಬರುತ್ತದೆ ಎಂಬುದು ಮುಖ್ಯ.

ಹಗ್ಗ ಮತ್ತು ಗೂಟ

ನಿಮ್ಮ ಮಂಡಿಯನ್ನು ಮುಟ್ಟಿ ನೋಡಿ. ಮುಂದೆ ದುಂಡಗಿರುವುದು ಮಂಡಿ ಚಿಪ್ಪು. ಅದರ ಮೇಲೆ ತೊಡೆಯ ಮಾಂಸಖಂಡ ಇದೆ. ಚಿಪ್ಪಿನ ಕೆಳಗೆ ಒಂದು ದಪ್ಪ ನಾರು ಇದೆ. ಅದು ಹಗ್ಗದ ಹಾಗೆ ಗಟ್ಟಿ. ಆ ನಾರು ಕೆಳಗೆ ಹೋಗಿ ಕೆಳಗಾಲಿನ ಮೂಳೆಗೆ ಅಂಟಿಕೊಂಡಿದೆ.

ನಾವು ಏಳುವಾಗ, ಓಡುವಾಗ, ಹಾರುವಾಗ ತೊಡೆಯ ಮಾಂಸಖಂಡ ಬಿಗಿಯುತ್ತದೆ. ಆಗ ಅದು ಈ ಹಗ್ಗವನ್ನು ಎಳೆಯುತ್ತದೆ. ಹಗ್ಗ ಮೂಳೆಯನ್ನು ಎಳೆಯುತ್ತದೆ. ಮಡಚಿದ ಕಾಲು ಹೀಗೆ ನೆಟ್ಟಗಾಗುತ್ತದೆ.

ದೊಡ್ಡವರಲ್ಲಿ ಆ ಮೂಳೆ ಗಟ್ಟಿ. ಎಷ್ಟು ಎಳೆದರೂ ತಡೆಯುತ್ತದೆ. ಆದರೆ ಬೆಳೆಯುವ ಮಕ್ಕಳಲ್ಲಿ ಹಗ್ಗ ಅಂಟಿದ ಜಾಗದ ಮೂಳೆ ಇನ್ನೂ ಎಳೆಯದು. ಮೆತ್ತಗಿರುತ್ತದೆ.

ಹಸು ಕಟ್ಟುವ ಗೂಟವನ್ನು ನೆನೆಸಿಕೊಳ್ಳಿ. ಗಟ್ಟಿ ನೆಲದಲ್ಲಿ ನೆಟ್ಟ ಗೂಟವನ್ನು ಹಸು ಎಳೆದರೂ ಅದು ಅಲ್ಲಾಡುವುದಿಲ್ಲ. ಮಳೆ ಬಂದು ನೆಲ ಹಸಿಯಾಗಿದ್ದರೆ? ಹಸು ಎಳೆದ ಹಾಗೆಲ್ಲ ಗೂಟ ಅಲ್ಲಾಡುತ್ತದೆ. ಸುತ್ತಲಿನ ಮಣ್ಣು ಮೇಲೆ ಉಬ್ಬುತ್ತದೆ. ಮಕ್ಕಳ ಮಂಡಿಯ ಕೆಳಗೂ ಹೀಗೇ ಆಗುತ್ತದೆ. ಎಳೆದು ಎಳೆದು ಆ ಜಾಗ ನೋಯುತ್ತದೆ. ಉಬ್ಬುತ್ತದೆ. ಅದೇ ಆ ಗಂಟು.

ನೆಲ ಒಣಗಿದರೆ ಗೂಟ ಭದ್ರವಾಗುತ್ತದೆ ಅಲ್ಲವೇ? ಹಾಗೆಯೇ ಮಗುವಿನ ಬೆಳವಣಿಗೆ ಮುಗಿದಾಗ ಆ ಮೂಳೆ ಗಟ್ಟಿಯಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ನೋವು ತಾನಾಗಿ ಹೋಗುತ್ತದೆ. ಉಬ್ಬು ಮಾತ್ರ ಕೆಲವರಲ್ಲಿ ಉಳಿಯಬಹುದು. ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ.

ಈ ವಯಸ್ಸಿಗೇ ಯಾಕೆ?

ಮಕ್ಕಳು ಎಲ್ಲ ವರ್ಷವೂ ಒಂದೇ ಸಮ ಬೆಳೆಯುವುದಿಲ್ಲ. ಒಂದು ವಯಸ್ಸಿನಲ್ಲಿ ಸರ್ರನೆ ಉದ್ದವಾಗುತ್ತಾರೆ. ಒಂದೇ ವರ್ಷದಲ್ಲಿ 8–9 ಸೆಂಟಿಮೀಟರ್ ಬೆಳೆಯುವ ಮಕ್ಕಳೂ ಇದ್ದಾರೆ. "ಯುಗಾದಿಗೆ ಹೊಲಿಸಿದ ಲಂಗ ದೀಪಾವಳಿಗೆ ಗಿಡ್ಡ ಆಯ್ತು" ಎನ್ನುತ್ತೀರಲ್ಲ, ಅದೇ ಕಾಲ.

ಹೆಣ್ಣುಮಕ್ಕಳಿಗೆ ಈ ಕಾಲ ಮೊದಲು ಬರುತ್ತದೆ. ಸುಮಾರು 10ರಿಂದ 13 ವರ್ಷದೊಳಗೆ. ಗಂಡುಮಕ್ಕಳಿಗೆ ಸುಮಾರು 12ರಿಂದ 15 ವರ್ಷದೊಳಗೆ. ಮೂಳೆ ಬೇಗ ಉದ್ದವಾಗುತ್ತದೆ. ಮಾಂಸಖಂಡ ಬಿಗಿಯಾಗುತ್ತದೆ. ಹಗ್ಗದ ಎಳೆತ ಹೆಚ್ಚುತ್ತದೆ. ಅದರ ಮೇಲೆ ಓಟ, ಜಿಗಿತ, ಕುಕ್ಕರಗಾಲಿನಲ್ಲಿ ಕೂತು ಏಳುವುದು ಸೇರಿದರೆ ನೋವು ಶುರು.

ಖೋಖೋ ಆಟವನ್ನೇ ನೋಡಿ. ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು. ಬೆನ್ನಿಗೆ "ಖೋ" ಎಂದ ಕೂಡಲೇ ಚಂಗನೆ ಎದ್ದು ಓಡಬೇಕು. ಒಂದು ಆಟದಲ್ಲಿ ಎಷ್ಟು ಸಲ! ಕಬಡ್ಡಿಯಲ್ಲೂ ಹಾಗೆಯೇ. ಮಂಡಿ ಊರಿ ಬೀಳುವುದು, ಎಳೆದಾಡುವುದು. ವಾಲಿಬಾಲಿನಲ್ಲಿ ಹಾರುವುದು. ಇವೆಲ್ಲ ಒಳ್ಳೆಯ ಆಟಗಳೇ. ಆದರೆ ಈ ವಯಸ್ಸಿನಲ್ಲಿ ಬಿಡುವಿಲ್ಲದೆ ಆಡಿದರೆ ಮಂಡಿ ದೂರು ಹೇಳುತ್ತದೆ.

ಚಿಪ್ಪಿನ ಸುತ್ತ ಬರುವ ನೋವು

ಕೆಲವು ಮಕ್ಕಳು ಚಿಪ್ಪಿನ ಕೆಳಗೆ ತೋರಿಸುವುದಿಲ್ಲ. ಚಿಪ್ಪಿನ ಸುತ್ತ ಕೈ ಆಡಿಸಿ "ಇಲ್ಲೆಲ್ಲ ನೋವು, ಒಳಗೆ ನೋವು" ಎನ್ನುತ್ತಾರೆ. ಮೆಟ್ಟಿಲು ಹತ್ತಿ ಇಳಿಯುವಾಗ ನೋವು. ತುಂಬಾ ಹೊತ್ತು ಮಂಡಿ ಮಡಚಿ ಕೂತು ಎದ್ದಾಗ ನೋವು. ಗಂಟು ಕಾಣುವುದಿಲ್ಲ.

ಇದು ಹುಡುಗಿಯರಲ್ಲಿ ಹೆಚ್ಚು. ಇಲ್ಲಿ ಮಂಡಿ ಚಿಪ್ಪಿನ ಮೇಲೆ ಭಾರ ಹೆಚ್ಚು ಬೀಳುತ್ತಿರುತ್ತದೆ. ತೊಡೆ ಮತ್ತು ಸೊಂಟದ ಮಾಂಸಖಂಡಕ್ಕೆ ಆ ಭಾರ ಹೊರುವಷ್ಟು ಬಲ ಇರುವುದಿಲ್ಲ. ಇದಕ್ಕೂ ಭಾರ ಕಡಿಮೆ ಮಾಡುವುದು, ವ್ಯಾಯಾಮ ಮಾಡಿಸುವುದೇ ಮದ್ದು.

ಅಕ್ಕನ ನೋಟುಬುಕ್ಕು

ಡಾಕ್ಟರಮ್ಮ ತಾಯಿಗೆ ಕೆಲವು ಪ್ರಶ್ನೆ ಕೇಳಿದರು. "ನೋವು ಯಾವ ದಿನ ಹೆಚ್ಚು? ಆಟದ ಹೊತ್ತಿನಲ್ಲೋ, ಆಮೇಲೋ? ಬೆಳಗ್ಗೆ ಎದ್ದಾಗ ಹೇಗಿರುತ್ತೆ?"

ಅಕ್ಕನಿಗೆ ಉತ್ತರ ಗೊತ್ತಿರಲಿಲ್ಲ. ಅವರು ಬೆಳಗ್ಗೆ ಕೂಲಿಗೆ ಹೋದರೆ ಬರುವುದು ಸಂಜೆ.

"ನಿಮಗೆ ಬರೆಯೋಕೆ ಬರುತ್ತಾ?" ಎಂದರು ಡಾಕ್ಟರಮ್ಮ.

ಅಕ್ಕ ನಮ್ಮ ಮುಖ ನೋಡಿದರು. ಆಮೇಲೆ "ಬರುತ್ತೆ" ಎಂದರು.

"ಹಾಗಾದರೆ ದಿನಾ ರಾತ್ರಿ ಮಗಳನ್ನ ಕೇಳಿ. ನೋವಿಗೆ ಅಂಕ ಕೊಡು ಅನ್ನಿ. ನೋವೇ ಇಲ್ಲದಿದ್ದರೆ 0. ತಡೆಯೋಕೇ ಆಗದಿದ್ದರೆ 10. ಆ ದಿನ ಏನು ಮಾಡಿದಳು ಅಂತಲೂ ಬರೀರಿ. ಮೂರು ವಾರ ಆದ ಮೇಲೆ ತನ್ನಿ."

ಅಕ್ಕ ಕಲಿಕಾ ಕೇಂದ್ರದ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಎಳೆದರು. ಬರೆಯಲು ಶುರು ಮಾಡಿದರು.

ಸೋಮವಾರ – ಖೋಖೋ – 6
ಮಂಗಳವಾರ – ಖೋಖೋ – 7
ಬುಧವಾರ – ಆಟ ಇಲ್ಲ – 4
ಗುರುವಾರ – ಖೋಖೋ – 6
ಶುಕ್ರವಾರ – ಆಟ ಇಲ್ಲ – 3
ಶನಿವಾರ – ಖೋಖೋ – 6
ಭಾನುವಾರ – ಆಟ ಇಲ್ಲ – 6

ಭಾನುವಾರದ ಅಂಕ ನೋಡಿ ಅಕ್ಕನಿಗೆ ಆಶ್ಚರ್ಯ. "ಆಟ ಇಲ್ಲ, ಆದ್ರೂ ಆರಾ?" ಮಗಳನ್ನು ಕೇಳಿದರು. ಆಗ ಗೊತ್ತಾಯಿತು. ಭಾನುವಾರ ಮನೆಯ ಬಟ್ಟೆಯೆಲ್ಲ ಒಗೆಯುವುದು ಅವಳ ಕೆಲಸ. ಕುಕ್ಕರುಗಾಲಲ್ಲಿ ಕೂತು ಒಗೆಯುವುದು. ಪಾತ್ರೆ ತೊಳೆಯುವುದು. ಮಂಡಿ ಊರಿ ನೆಲ ಒರೆಸುವುದು. ಬಾವಿಯಿಂದ ಬಿಂದಿಗೆ ತರುವುದು.

ಅಣ್ಣನಿಗೆ 15 ವರ್ಷ. ಅವನು ಭಾನುವಾರ ಕ್ರಿಕೆಟ್ಟಿಗೆ ಹೋಗುತ್ತಿದ್ದ.

ಎಲ್ಲರೂ ಆಟದ ಮೇಲೆ ತಪ್ಪು ಹೊರಿಸಿದ್ದರು. ಮಂಡಿಗೆ ಆಟವೂ ಒಂದೇ, ಕೆಲಸವೂ ಒಂದೇ. ಕೂತು ಎದ್ದರೆ ಹಗ್ಗ ಎಳೆಯುತ್ತದೆ. ಇದನ್ನು ಕಂಡುಹಿಡಿದದ್ದು ಡಾಕ್ಟರಲ್ಲ, ನಾವಲ್ಲ. ಅಕ್ಕನ ನೋಟುಬುಕ್ಕು.

ಅಂಕ ನೋಡಿ ಏನು ಮಾಡಬೇಕು?

0, 1, 2 – ಆಡಬಹುದು.

3, 4, 5 – ಆಟ ಅರ್ಧಕ್ಕೆ ಇಳಿಸಿ. ಜಿಗಿಯುವುದು, ಕುಕ್ಕರುಗಾಲಲ್ಲಿ ಕೂತು ಏಳುವುದು ಬೇಡ. ನಡೆಯಬಹುದು. ಸೈಕಲ್ ತುಳಿದರೆ ನೋವಾಗದಿದ್ದರೆ ತುಳಿಯಬಹುದು.

6 ಮತ್ತು ಮೇಲೆ – ಆ ದಿನ ಆಟ ನಿಲ್ಲಿಸಿ. ಮಂಡಿಗೆ ಬಿಡುವು ಕೊಡಿ.

ಇನ್ನೆರಡು ಮಾತು. ಮರುದಿನ ಬೆಳಗ್ಗೆ ನೋವು ಹೆಚ್ಚಾಗಿದ್ದರೆ, ಹಿಂದಿನ ದಿನ ಮಾಡಿದ್ದು ಅತಿಯಾಯಿತು ಎಂದು ಅರ್ಥ. ಮಗು ಕುಂಟುತ್ತಿದ್ದರೆ, ಅಂಕ ಎಷ್ಟೇ ಇರಲಿ, ಆಟ ಬೇಡ.

ಪೂರ್ತಿ ಹಾಸಿಗೆ ಹಿಡಿಸುವುದೂ ಒಳ್ಳೆಯದಲ್ಲ. ಸುಮ್ಮನೆ ಮಲಗಿಸಿದರೆ ತೊಡೆಯ ಬಲ ಕಡಿಮೆಯಾಗುತ್ತದೆ. ಬಲ ಕಡಿಮೆಯಾದರೆ ಆಟಕ್ಕೆ ಮರಳಿದಾಗ ನೋವು ಮತ್ತೆ ಬರುತ್ತದೆ. ಆಟ ಪೂರ್ತಿ ಬಿಡಿಸುವುದು ಬೇಡ, ನೋವಿನಲ್ಲಿ ಓಡಿಸುವುದೂ ಬೇಡ. ಅಳತೆ ನೋಡಿ ಆಡಿಸಬೇಕು.

ಮನೆಯಲ್ಲಿ ಏನು ಮಾಡಬಹುದು?

1. ಆಟವಾದ ಮೇಲೆ ನೋವಿನ ಜಾಗಕ್ಕೆ ತಂಪು ಇಡಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಇಡಿ. ಬರೀ ಐಸನ್ನು ಚರ್ಮಕ್ಕೆ ಇಡಬಾರದು. ಐಸ್ ಇಲ್ಲದಿದ್ದರೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಸಾಕು. 10ರಿಂದ 15 ನಿಮಿಷ.

2. ಪಾತ್ರೆ, ಬಟ್ಟೆ ಕೆಲಸವನ್ನು ನಿಂತು ಅಥವಾ ಎತ್ತರದ ಸ್ಟೂಲಿನ ಮೇಲೆ ಕೂತು ಮಾಡಲಿ. ಕೆಲಸವನ್ನು ಮನೆಯ ಎಲ್ಲರೂ ಹಂಚಿಕೊಳ್ಳಲಿ. ಗಂಡುಮಕ್ಕಳೂ ಹಂಚಿಕೊಳ್ಳಲಿ.

3. ನೆಲಕ್ಕೆ ಮಂಡಿ ಊರಲೇಬೇಕಾದರೆ ಕೆಳಗೆ ಮೆತ್ತನೆಯ ಬಟ್ಟೆ ಹಾಸಿ.

4. ಆಟಕ್ಕೆ ಮೊದಲು 5ರಿಂದ 10 ನಿಮಿಷ ನಿಧಾನವಾಗಿ ನಡೆದು, ಸಣ್ಣಗೆ ಓಡಿ ಮೈ ಬಿಸಿ ಮಾಡಿಕೊಳ್ಳಲಿ.

5. ವಾರದಲ್ಲಿ ಒಂದೆರಡು ದಿನ ಆಟಕ್ಕೆ ರಜೆ ಇರಲಿ. ಕ್ರೀಡಾಕೂಟ ಹತ್ತಿರ ಬಂದಾಗಲೂ ಈ ರಜೆ ತಪ್ಪಿಸಬೇಡಿ.

6. ಗಟ್ಟಿ ನೆಲದಲ್ಲಿ ಓಡುವಾಗ ಅಟ್ಟೆ ದಪ್ಪ ಇರುವ ಬೂಟು ಇದ್ದರೆ ಒಳ್ಳೆಯದು. ಸವೆದ ಚಪ್ಪಲಿಯಲ್ಲಿ ಓಡುವುದು ಬೇಡ.

ನಾಲ್ಕು ಸುಲಭ ವ್ಯಾಯಾಮ

ಇವನ್ನು ದಿನಕ್ಕೊಮ್ಮೆ ಮಾಡಿಸಿ. ಚಾಪೆ ಮತ್ತು ಗೋಡೆ ಇದ್ದರೆ ಸಾಕು. ಮೊದಲ ಸಲ ಡಾಕ್ಟರ ಹತ್ತಿರ ಅಥವಾ ಫಿಸಿಯೋಥೆರಪಿ ಮಾಡುವವರ ಹತ್ತಿರ ತೋರಿಸಿಕೊಂಡು ಕಲಿತರೆ ಇನ್ನೂ ಒಳ್ಳೆಯದು. ಮಾಡುವಾಗ ನೋವು ಹೆಚ್ಚಾದರೆ ನಿಲ್ಲಿಸಿ.

ಒಂದು: ಕಾಲು ಚಾಚಿ ಕೂರಬೇಕು. ಮಂಡಿಯ ಕೆಳಗೆ ಮಡಚಿದ ಟವೆಲ್ ಇಡಬೇಕು. ಮಂಡಿಯಿಂದ ಟವೆಲನ್ನು ಕೆಳಕ್ಕೆ ಒತ್ತಬೇಕು. ತೊಡೆ ಬಿಗಿಯಾಗುತ್ತದೆ. 5 ಎಣಿಸಿ ಬಿಡಬೇಕು. 10 ಸಲ.

ಎರಡು: ಅಂಗಾತ ಮಲಗಬೇಕು. ಒಂದು ಕಾಲು ಮಡಚಿರಲಿ. ಇನ್ನೊಂದನ್ನು ನೆಟ್ಟಗೆ ಇಟ್ಟು ಒಂದು ಮೊಳ ಎತ್ತರಕ್ಕೆ ಎತ್ತಬೇಕು. 5 ಎಣಿಸಿ ಇಳಿಸಬೇಕು. 10 ಸಲ. ಆಮೇಲೆ ಇನ್ನೊಂದು ಕಾಲು.

ಮೂರು: ಅಂಗಾತ ಮಲಗಿ ಎರಡೂ ಮಂಡಿ ಮಡಚಬೇಕು. ಪಾದ ನೆಲದ ಮೇಲಿರಲಿ. ಸೊಂಟವನ್ನು ಮೇಲೆ ಎತ್ತಬೇಕು. 5 ಎಣಿಸಿ ಇಳಿಸಬೇಕು. 10 ಸಲ. ಇದರಿಂದ ಸೊಂಟಕ್ಕೂ ತೊಡೆಯ ಹಿಂಭಾಗಕ್ಕೂ ಬಲ ಬರುತ್ತದೆ.

ನಾಲ್ಕು: ಕಾಲು ಚಾಚಿ ಕೂತು, ಬೆನ್ನು ನೆಟ್ಟಗಿಟ್ಟು, ಕಾಲ್ಬೆರಳ ಕಡೆಗೆ ಮೆಲ್ಲಗೆ ಬಾಗಬೇಕು. ತೊಡೆಯ ಹಿಂದೆ ಎಳೆದಂತೆ ಆಗಬೇಕು, ನೋಯಬಾರದು. 20 ಎಣಿಸಬೇಕು. 3 ಸಲ. ಜಗ್ಗಬಾರದು.

ಎಣಿಸುವುದು ಯಾರು? ತಮ್ಮ ತಂಗಿಯರು ಎಣಿಸಲಿ. ನೀವೂ ಎಣಿಸಿ.

ಏನು ಮಾಡಬಾರದು?

ಗಂಟನ್ನು ಒತ್ತಿ ಒತ್ತಿ ಎಣ್ಣೆ ತಿಕ್ಕಬೇಡಿ. ಅದು ಕೊಬ್ಬಿನ ಗಂಟಲ್ಲ. ತಿಕ್ಕಿದರೆ ಕರಗುವುದಿಲ್ಲ. ನೋವೇ ಹೆಚ್ಚಾಗುತ್ತದೆ.

ಬರೆ ಹಾಕಿಸಬೇಡಿ. ಸುಟ್ಟ ಗಾಯ ಕೀವಾಗುತ್ತದೆ. ಒಳಗಿನ ನೋವು ಹೋಗುವುದಿಲ್ಲ.

ಕಾಲನ್ನು ಎಳೆಸಿ, ತಿರುಗಿಸಿ ಕಟ್ಟು ಕಟ್ಟಿಸಬೇಡಿ. ಏನಾಗಿದೆ ಎಂದು ತಿಳಿಯುವ ಮೊದಲೇ ಎಳೆದರೆ ಅಪಾಯ.

ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಿ ಆಡಲು ಕಳಿಸಬೇಡಿ. ಮಾತ್ರೆ ನೋವನ್ನು ಮುಚ್ಚುತ್ತದೆ. ಎಳೆತ ಹಾಗೇ ಇರುತ್ತದೆ. ಡಾಕ್ಟರು ಹೇಳದೆ ಮಕ್ಕಳಿಗೆ ಆಸ್ಪಿರಿನ್ ಮಾತ್ರೆ ಕೊಡಲೇಬೇಡಿ.

"ಸೋಮಾರಿ", "ನಾಟಕ ಆಡ್ತಾಳೆ" ಎನ್ನಬೇಡಿ. ಬೈದರೆ ಮಗು ನೋವನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟ ನೋವು ನಮ್ಮ ಕಣ್ಣಿಗೆ ಬೀಳುವುದು ತಡವಾಗಿ. ನಾವೂ ಈ ತಪ್ಪು ಮಾಡಿದ್ದೆವು.

ತಡ ಮಾಡಬಾರದ ಲಕ್ಷಣಗಳು

ಅಕ್ಕಂದಿರೇ, ಈ ಭಾಗವನ್ನು ಎರಡು ಸಲ ಓದಿ.

ಮಕ್ಕಳ ಎಲ್ಲ ಮಂಡಿ ನೋವೂ ಬೆಳೆಯುವ ನೋವಲ್ಲ. ಕೆಲವು ನೋವಿಗೆ ಕಾಯಬಾರದು. ಕೆಳಗಿನ ಯಾವುದಾದರೂ ಒಂದು ಕಂಡರೂ ಆಸ್ಪತ್ರೆಗೆ ಹೋಗಿ.

ಜ್ವರ ಇದೆ. ಮಂಡಿ ಊದಿದೆ, ಕೆಂಪಾಗಿದೆ, ಮುಟ್ಟಿದರೆ ಬಿಸಿ. ಮಗು ಕಾಲು ಊರುವುದಿಲ್ಲ. ಕೀಲಿನ ಒಳಗೆ ಕೀವಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾದರೂ ಹೋಗಬೇಕು.

ಆಡುವಾಗ "ಟಪ್" ಎಂದಂತಾಯಿತು. ಕೂಡಲೇ ಮಂಡಿ ಊದಿತು. ಕಾಲು ಚಾಚಲು ಆಗುತ್ತಿಲ್ಲ, ಊರಲು ಆಗುತ್ತಿಲ್ಲ. ಮೂಳೆ ಅಥವಾ ಒಳಗಿನ ನಾರು ಮುರಿದಿರಬಹುದು. ಇದಕ್ಕೂ ಅದೇ ದಿನ.

ಮಗು ಕುಂಟುತ್ತಿದೆ. ಪಾದ ಹೊರಗೆ ತಿರುಗಿದೆ. ನೋವು ಮಂಡಿಯಲ್ಲಿ ಅಥವಾ ತೊಡೆಯಲ್ಲಿ ಎನ್ನುತ್ತದೆ. ಮಂಡಿ ನೋಡಿದರೆ ಏನೂ ಕಾಣುವುದಿಲ್ಲ. ಇಲ್ಲಿ ಮೋಸ ಹೋಗಬೇಡಿ. ನೋವು ಮಂಡಿಯಲ್ಲಿದ್ದರೂ ರೋಗ ಸೊಂಟದ ಕೀಲಿನಲ್ಲಿ ಇರಬಹುದು. ಈ ವಯಸ್ಸಿನಲ್ಲಿ ತೊಡೆ ಮೂಳೆಯ ತಲೆ ಕೀಲಿನಲ್ಲಿ ಜಾರುವುದುಂಟು. ಮಗುವನ್ನು ನಡೆಸಬೇಡಿ. ಗಾಡಿಯಲ್ಲಿ ಕರೆದುಕೊಂಡು ಹೋಗಿ. ಸೊಂಟವನ್ನೂ ನೋಡಿ ಎಂದು ಡಾಕ್ಟರಿಗೆ ಹೇಳಿ. ತಡವಾದರೆ ಜೀವನಪೂರ್ತಿ ಕುಂಟು ಉಳಿಯಬಹುದು.

ರಾತ್ರಿ ಮಲಗಿದಾಗಲೂ ನೋವು. ನೋವಿಗೆ ಎಚ್ಚರವಾಗುತ್ತದೆ. ಆಟ ಬಿಟ್ಟರೂ ದಿನದಿಂದ ದಿನಕ್ಕೆ ಹೆಚ್ಚಾಗುತ್ತದೆ. ಮಂಡಿಯ ಹತ್ತಿರ ಊತ ಬೆಳೆಯುತ್ತಿದೆ. ಮಗು ಸೊರಗುತ್ತಿದೆ. ಬಹಳ ಅಪರೂಪ, ಆದರೆ ಮೂಳೆಯ ಕ್ಯಾನ್ಸರ್ ಈ ವಯಸ್ಸಿನಲ್ಲಿ ಬಂದರೆ ಹೆಚ್ಚಾಗಿ ಮಂಡಿಯ ಹತ್ತಿರವೇ ಬರುತ್ತದೆ. ಎಣ್ಣೆ, ಕಟ್ಟು ಎಂದು ತಿಂಗಳು ಕಳೆಯಬೇಡಿ. ಎಕ್ಸ್‌ರೇ ಮಾಡಿಸಿ. ಬೇಗ ಗೊತ್ತಾದರೆ ಚಿಕಿತ್ಸೆ ಇದೆ.

ಗಂಟಲು ನೋವು ಬಂದು ಹೋಗಿ ಎರಡು ಮೂರು ವಾರವಾಗಿದೆ. ಈಗ ಜ್ವರ. ಇಂದು ಮಂಡಿ ಊತ, ನಾಳೆ ಇನ್ನೊಂದು ಕೀಲು ಊತ. ಇದು ಕೀಲಿನ ಜ್ವರ ಇರಬಹುದು. ಇದು ಹೃದಯವನ್ನು ಕೆಡಿಸಬಹುದು. ಡಾಕ್ಟರಿಗೆ ತಪ್ಪದೆ ತೋರಿಸಿ.

ಮಂಡಿ ಮಡಚಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ನಡೆಯುವಾಗ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಇದನ್ನೂ ತೋರಿಸಿ.

ಊಟದ ಮಾತು

ಯಾವ ಊಟವೂ ಈ ನೋವನ್ನು ಒಂದೇ ದಿನದಲ್ಲಿ ಓಡಿಸುವುದಿಲ್ಲ. ಆದರೆ ಬೆಳೆಯುವ ಮೂಳೆಗೆ ಸುಣ್ಣದ ಅಂಶ ಬೇಕು. ಅದು ನಮ್ಮ ರಾಗಿಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶ ಇದೆ. ಅಕ್ಕಿಯಲ್ಲಿ ಅದು ಬಹಳ ಕಡಿಮೆ. ಹಾಲು, ಮೊಸರು, ಎಳ್ಳು, ನುಗ್ಗೆ ಸೊಪ್ಪು ಕೊಡಿ. ಬೇಳೆ, ಕಾಳು, ಮೊಟ್ಟೆ ಮಾಂಸಖಂಡಕ್ಕೆ ಒಳ್ಳೆಯದು. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಓಡಾಡಲಿ. ಮಗಳಿಗೂ ಮಗನಿಗೂ ತಟ್ಟೆಗೆ ಸಮನಾಗಿ ಬಡಿಸಿ.

ಎಲ್ಲಿಗೆ ಹೋಗಬೇಕು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ. ಬೇಕಾದರೆ ಅವರೇ ತಾಲೂಕು ಆಸ್ಪತ್ರೆಗೆ, ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದು ಕಳಿಸುತ್ತಾರೆ. ದಾರಿ ಗೊತ್ತಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇನ್ನೊಂದು ವ್ಯವಸ್ಥೆಯೂ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಇದು 2013ರಲ್ಲಿ ಆರಂಭವಾಯಿತು. ಇದರಲ್ಲಿ 18 ವರ್ಷದವರೆಗಿನ ಮಕ್ಕಳ ಆರೋಗ್ಯ ತಪಾಸಣೆ ಮಾಡುತ್ತಾರೆ. ಡಾಕ್ಟರ ತಂಡ ಸರ್ಕಾರಿ ಶಾಲೆಗೇ ಬರುತ್ತದೆ. ಯಾವ ದಿನ ಬರುತ್ತಾರೆ ಎಂದು ಶಾಲೆಯಲ್ಲಿ ಕೇಳಿ. ಆ ದಿನ ಮಂಡಿ ನೋವಿನ ವಿಷಯ ಹೇಳಲು ಮಗುವಿಗೆ ಹೇಳಿಕೊಡಿ. ಆದರೆ ಮೇಲೆ ಹೇಳಿದ ಅಪಾಯದ ಲಕ್ಷಣ ಇದ್ದರೆ ಆ ದಿನಕ್ಕಾಗಿ ಕಾಯಬೇಡಿ.

ಹೋಗುವಾಗ ನಿಮ್ಮ ನೋಟುಬುಕ್ಕು ತೆಗೆದುಕೊಂಡು ಹೋಗಿ.

ಆ ಹುಡುಗಿ ಏನಾದಳು?

ಮೂರು ವಾರವಾದ ಮೇಲೆ ಅಕ್ಕ ನೋಟುಬುಕ್ಕನ್ನು ಡಾಕ್ಟರಮ್ಮನ ಮುಂದೆ ಇಟ್ಟರು. ಅವರು ಒಂದೊಂದೇ ಸಾಲು ಓದಿದರು. "ಎಷ್ಟು ಚೆನ್ನಾಗಿ ಬರೆದಿದ್ದೀರಿ! ಇದರಲ್ಲಿ ಎಲ್ಲಾ ಇದೆ" ಎಂದರು. ಅಕ್ಕ ಏನೂ ಹೇಳಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಮನೆಯಲ್ಲಿ ಭಾನುವಾರದ ಬಟ್ಟೆ ಹಂಚಿಕೆಯಾಯಿತು. ಅಣ್ಣ ಬಾವಿಯಿಂದ ನೀರು ತರಲು ಶುರು ಮಾಡಿದ. ಮೊದಲು ಗೊಣಗಿದ. "ಊರವರು ನಗ್ತಾರೆ ಕಣಮ್ಮ" ಎಂದ. ಅಕ್ಕ ಹೇಳಿದರು. "ನಗೋರು ನಗ್ಲಿ. ನೀರು ತರೋದು ನಾಚಿಕೆ ಕೆಲ್ಸ ಅಲ್ಲ ಮಗಾ. ನಿನ್ನ ತಂಗಿ ಕಾಲಲ್ವಾ?"

ಶಾಲೆಯಲ್ಲಿ ನಾವೂ ಬದಲಾದೆವು. ಅಭ್ಯಾಸವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದೆವು. ನೋವು ಹೆಚ್ಚಿದ ದಿನ ಆ ಹುಡುಗಿಗೆ ಅಂಕ ಬರೆಯುವ ಕೆಲಸ ಕೊಟ್ಟೆವು. ತಂಡದಿಂದ ಹೊರಗೆ ಹಾಕಲಿಲ್ಲ.

ಆ ವರ್ಷ ಅವಳು ತಾಲೂಕು ಮಟ್ಟದಲ್ಲಿ ಆಡಲಿಲ್ಲ. ಅತ್ತಳು. ಆದರೆ ವ್ಯಾಯಾಮ ಬಿಡಲಿಲ್ಲ. ನಾಲ್ಕು ತಿಂಗಳಿಗೆ ಅಂಕ 2ಕ್ಕೆ ಇಳಿಯಿತು. ನಡುವೆ ಒಂದು ಸಲ ಮತ್ತೆ 5ಕ್ಕೆ ಏರಿತು. ಮತ್ತೆ ಆಟ ಕಡಿಮೆ ಮಾಡಿದೆವು. ಈ ನೋವು ಹೀಗೇ, ಹೋಗಿ ಬಂದು ಮಾಡುತ್ತದೆ. ಕೆಲವರಿಗೆ ವರ್ಷ, ಎರಡು ವರ್ಷವೂ ಹಿಡಿಯುತ್ತದೆ. ತಾಳ್ಮೆ ಬೇಕು.

ಮರುವರ್ಷ ಅವಳು ಆಡಿದಳು. ಮಂಡಿಯ ಕೆಳಗಿನ ಉಬ್ಬು ಹಾಗೇ ಇದೆ. ಕಾಲು ಸೊಟ್ಟ ಆಗಲಿಲ್ಲ. ಆಟ ನೋಡಲು ಅವಳ ಅಪ್ಪನೂ ಬಂದಿದ್ದರು. ಗೆರೆಯ ಆಚೆ ನಿಂತು ಎಲ್ಲರಿಗಿಂತ ಜೋರಾಗಿ ಕೂಗಿದವರು ಅವರೇ.

ನೆನಪಿಡಿ

ಮಗು ನೋವು ಎಂದರೆ ನಂಬಿ. ಎಲ್ಲಿ ಎಂದು ಕೇಳಿ. ಬೆರಳಿಟ್ಟು ತೋರಿಸಲು ಹೇಳಿ.

ಆಟ ಪೂರ್ತಿ ಬಿಡಿಸಬೇಡಿ. ಅಳತೆಗೆ ಇಳಿಸಿ.

ಮನೆಗೆಲಸವೂ ಮಂಡಿಗೆ ಭಾರ. ಹಂಚಿಕೊಳ್ಳಿ.

ಜ್ವರ, ಊತ, ಕುಂಟು, ರಾತ್ರಿ ನೋವು ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಉತ್ತರ ಬರೆಯಿರಿ

1. ಮಕ್ಕಳ ಮಂಡಿಯ ಕೆಳಗೆ ಗಂಟು ಯಾಕೆ ಬರುತ್ತದೆ? ಗೂಟದ ಉದಾಹರಣೆ ಕೊಟ್ಟು ಬರೆಯಿರಿ.

2. ಭಾನುವಾರ ಆಟ ಇಲ್ಲದಿದ್ದರೂ ಹುಡುಗಿಗೆ ನೋವು ಹೆಚ್ಚಾದದ್ದು ಯಾಕೆ?

3. ತಡ ಮಾಡದೆ ಆಸ್ಪತ್ರೆಗೆ ಹೋಗಬೇಕಾದ ಮೂರು ಲಕ್ಷಣ ಬರೆಯಿರಿ.

ಕೂಡಿ ಮಾತಾಡಿ

ನಿಮ್ಮ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ ಯಾವುವು? ಅವನ್ನು ಯಾರು ಮಾಡುತ್ತಾರೆ? ಯಾರು ಯಾರು ಹಂಚಿಕೊಳ್ಳಬಹುದು?

ನೀವೇ ಮಾಡಿ

ನೋಟುಬುಕ್ಕಿನಲ್ಲಿ ಮೂರು ಕಲಂ ಗೆರೆ ಎಳೆಯಿರಿ. ವಾರ, ಕೆಲಸ ಅಥವಾ ಆಟ, ನೋವಿನ ಅಂಕ. ನಿಮ್ಮ ಮನೆಯ ಯಾರಿಗಾದರೂ ನೋವಿದ್ದರೆ ಏಳು ದಿನ ಬರೆಯಿರಿ. ನಿಮಗೇ ನೋವಿದ್ದರೆ ನಿಮ್ಮದನ್ನೂ ಬರೆಯಿರಿ.